ಅಂಗಡಿ ಲೆಕ್ಕಕ್ಕೂ ಕಥೆ ಕಾವ್ಯಕ್ಕೂ ಏನು ಸಂಬಂಧ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಾವೊಂದಿಷ್ಟು ಜನ ಆಗಾಗ ಭಾನುವಾರ ಸೇರಿ ಓದುತ್ತೇವೆ. ಸಯ್ಯಾಜಿರಾವ್ ರಸ್ತೆ ಕಡೆಯ ಬಟ್ಟೆ ಅಂಗಡಿಯವರು, ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟವರು, ಸಾಫ್ಟ್‌ವೇರ್ ಕಂಪನಿಗಳ ಎಚ್‌ಆರ್‌ನವರು, ಮಂಡ್ಯ ಕಡೆಯ ಆಲೆಮನೆಯವರು, ಜೊತೆಗೆ ಒಬ್ಬಿಬ್ಬರು ಕಾಲೇಜು ಮೇಷ್ಟ್ರು. ಓದುವುದು ಕಥೆ, ವಚನ, ನಾಟಕ. ಮಾತು ಮಾತ್ರ ವ್ಯಾಪಾರದ ಕಡೆಗೇ ಹೋಗುತ್ತದೆ: ತೂಕ, ಸಂಬಳ, ಕಮಿಷನ್, ಉದ್ರಿ, ಸುಳ್ಳು. ಹೊಸಬರು ಬಂದಾಗಲೆಲ್ಲ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳು ನನ್ನವು, ಕೂಟದಲ್ಲಿ ಎಲ್ಲರೂ ಒಪ್ಪಿದ್ದಾರೆ ಅಂತ ತಿಳಿಯಬೇಡಿ.

ವ್ಯಾಪಾರಕ್ಕೆ ಕಾನೂನು ಇದೆ, ಆಡಿಟರ್ ಇದ್ದಾರೆ. ಮಧ್ಯದಲ್ಲಿ ಕಥೆ ಕಾವ್ಯ ಯಾಕೆ?

ಕಾನೂನು ಬೇಕೇ ಬೇಕು. ತೂಕ ಅಳತೆಗೆ 2009ರ ಕಾಯ್ದೆ ಇದೆ. ಗಿರಾಕಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಸಣ್ಣ ಕೈಗಾರಿಕೆಯವರಿಂದ ಮಾಲು ತಗೊಂಡರೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಈಗ ಯಾವುದಾದರೂ ಸಣ್ಣ ವರ್ಕ್‌ಶಾಪಿಗೆ ಹೋಗಿ, "ಬಿಲ್ ಕೊಟ್ಟು ಎಷ್ಟು ದಿನಕ್ಕೆ ದುಡ್ಡು ಬರುತ್ತೆ ಅಣ್ಣ?" ಅಂತ ಕೇಳಿ. ಮೊದಲು ನಗುತ್ತಾರೆ, ಆಮೇಲೆ ಲೆಕ್ಕ ಹೇಳುತ್ತಾರೆ.

ದುಡ್ಡು ತಡೆದಿಟ್ಟ ದೊಡ್ಡ ಕಂಪನಿಯ ಪರ್ಚೇಸ್ ಮ್ಯಾನೇಜರಿಗೆ ಈ 45 ದಿನದ ವಿಷಯ ಗೊತ್ತಿಲ್ವಾ? ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವರಿಗೆ ನಿದ್ದೆ ಬರುತ್ತದೆ, ಏಕೆಂದರೆ ಕೈಯಲ್ಲೊಂದು ಸಬೂಬು ಇರುತ್ತದೆ. "ನಮಗೂ ಮೇಲಿಂದ ಬಂದಿಲ್ಲ." "ಎಲ್ಲರೂ ಹೀಗೇ ಮಾಡೋದು." "ಅವರು ನಮ್ಮವರೇ, ಏನೂ ಅಂದುಕೊಳ್ಳಲ್ಲ." ಇದೊಂದು ಪುಟ್ಟ ಕಥೆ. ಅದರಲ್ಲಿ ನಾಯಕ ನಾವೇ, ಪಾಪದವರೂ ನಾವೇ. ದುಡ್ಡಿಲ್ಲದೆ ಕೆಲಸದವರಿಗೆ ಸಂಬಳ ಕೊಡಲಾಗದೆ ಒದ್ದಾಡುತ್ತಿರುವ ಆ ವರ್ಕ್‌ಶಾಪಿನವನಿಗೆ ಅದರಲ್ಲಿ ಒಂದು ಪಾತ್ರವೂ ಇಲ್ಲ.

ಕಥೆ ಓದಿ ರೂಢಿಯಾದವರಿಗೆ ಕಥೆ ಕಟ್ಟುವ ಕೈಚಳಕ ತಿಳಿಯುತ್ತದೆ. ಪಾತ್ರಗಳ ಸಬೂಬನ್ನು ಹಿಡಿದು ಹಿಡಿದು, ಒಂದು ದಿನ ತಮ್ಮದೂ ಕೈಗೆ ಸಿಗುತ್ತದೆ. ನಮ್ಮ ಓದಿನ ಉದ್ದೇಶ ಇಷ್ಟೇ. ನಿಯಮದ ಪುಸ್ತಕದಿಂದ ಈ ಕೆಲಸ ಆಗಲ್ಲ. ಅಮೆರಿಕದ ಎನ್ರಾನ್ ಕಂಪನಿಯಲ್ಲಿ 64 ಪುಟದ ನೀತಿಸಂಹಿತೆ ಅಚ್ಚುಹಾಕಿ ಹಂಚಿದ್ದರು. 2001ರಲ್ಲಿ ಸುಳ್ಳು ಲೆಕ್ಕ ಬಯಲಾಗಿ ಕಂಪನಿ ಮುಳುಗಿತು.

ಎಲ್ಲಿಂದ ಶುರು ಮಾಡಬೇಕು?

ನಮ್ಮ ಊರಿನವರಿಂದಲೇ. ಆರ್.ಕೆ. ನಾರಾಯಣ್ ಮೈಸೂರಿನಲ್ಲಿ ಬಾಳಿದವರು. ಯಾದವಗಿರಿಯ ಅವರ ಮನೆ ಈಗ ಮ್ಯೂಸಿಯಂ ಆಗಿದೆ. 1952ರಲ್ಲಿ ಬಂದ ಅವರ 'ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್' ಕಾದಂಬರಿಯನ್ನು ವ್ಯಾಪಾರದವರು ಓದಲೇಬೇಕು ಅನ್ನೋದು ನನ್ನ ಹಟ.

ಅದರಲ್ಲಿ ಮಾರ್ಗಯ್ಯ ಅಂತ ಒಬ್ಬ. ಸಹಕಾರಿ ಭೂ ಅಡಮಾನ ಬ್ಯಾಂಕಿನ ಎದುರು, ಆಲದ ಮರದ ಕೆಳಗೆ, ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾನೆ. ಸಾಲದ ಅರ್ಜಿ ತುಂಬಲು ಬಾರದ ಹಳ್ಳಿಯವರಿಗೆ ಸಹಾಯ ಮಾಡಿ ಕಾಸು ಗಿಟ್ಟಿಸುತ್ತಾನೆ. ಕೆಟ್ಟವನೇನಲ್ಲ. ಬ್ಯಾಂಕು ಮಾಡಬೇಕಿದ್ದ ಕೆಲಸವನ್ನೇ ಮರದ ಕೆಳಗೆ ಮಾಡುತ್ತಿದ್ದಾನೆ. ಒಂದು ದಿನ ಬ್ಯಾಂಕಿನವರು ಬಂದು ಅವನನ್ನು ಎಲ್ಲರೆದುರು ಅವಮಾನಿಸುತ್ತಾರೆ. ಅಲ್ಲಿಂದ ಅವನ ತಲೆಯಲ್ಲಿ ಒಂದೇ ವಿಚಾರ: ದುಡ್ಡಿದ್ದರೆ ಮರ್ಯಾದೆ. ಕೊನೆಕೊನೆಗೆ ಅವನು ಜನರಿಂದ ಭಾರಿ ಬಡ್ಡಿಯ ಆಸೆ ತೋರಿಸಿ ಠೇವಣಿ ಎತ್ತಲು ಶುರು ಮಾಡುತ್ತಾನೆ. ಹೊಸಬರ ದುಡ್ಡು ಹಳಬರ ಬಡ್ಡಿಗೆ. ಒಂದು ಗಾಳಿಮಾತು ಹಬ್ಬಿದ ದಿನ ಎಲ್ಲರೂ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ನಮ್ಮ ರಾಜ್ಯದಲ್ಲಿ ಕೆಲವು ವರ್ಷಕ್ಕೊಮ್ಮೆ ಇಂಥದೊಂದು ಕಂಪನಿ ಮುಳುಗುತ್ತದೆ, ನಿವೃತ್ತರ ದುಡ್ಡು ಹೋಗುತ್ತದೆ. ಪೇಪರ್ ಓದುವಾಗ ನಾವು "ಮೋಸಗಾರ" ಅಂದು ಪುಟ ತಿರುವುತ್ತೇವೆ. ಕಾದಂಬರಿಯಲ್ಲಿ ಪುಟ ತಿರುವಿದಷ್ಟೂ ಮಾರ್ಗಯ್ಯ ಹತ್ತಿರದವನಾಗುತ್ತಾನೆ. ನಾವು ಓದುವಾಗ ಕೇಳುವುದು ಇದನ್ನೇ: ಅವನು ಯಾವ ಪುಟದಲ್ಲಿ ಗೆರೆ ದಾಟಿದ? ಪ್ರತಿ ಸಲವೂ ಜಗಳ ಆಗುತ್ತದೆ. ಠೇವಣಿ ಶುರುವಾದಾಗ ಅಂತ ಒಬ್ಬರು. ಇಲ್ಲ, ಅವಮಾನ ಆದ ದಿನವೇ ಅಂತ ಇನ್ನೊಬ್ಬರು. ಒಬ್ಬ ಬ್ಯಾಂಕ್ ನೌಕರರು ಮಾತ್ರ ಗಂಭೀರವಾಗಿ ಹೇಳಿದರು: "ತಪ್ಪು ಮೊದಲು ನಮ್ಮ ಬ್ಯಾಂಕಿನದು. ಅರ್ಜಿ ಅಷ್ಟು ಕಷ್ಟವಾಗಿ ಮಾಡಿದ್ದು ಯಾರು?" ಆ ದಿನದ ಮಾತು ಅಲ್ಲಿಂದ ಬೇರೆ ದಿಕ್ಕಿಗೆ ತಿರುಗಿತು.

ಮಂಡ್ಯದ ಬೆಲ್ಲದವರಿಗೆ ಇದರಿಂದ ಏನು ಸಿಗುತ್ತೆ?

ಜಾಸ್ತಿ ಸಿಗುತ್ತದೆ. ಬೆಲ್ಲದ ವಿಷಯ ಅರ್ಧ ರಸಾಯನಶಾಸ್ತ್ರ, ಅರ್ಧ ಸೌಂದರ್ಯಶಾಸ್ತ್ರ.

ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತದೆ. ಸುಣ್ಣ ಹಾಕುತ್ತಾರೆ. ಮೊದಲಿನಿಂದಲೂ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ಎತ್ತುವ ಪದ್ಧತಿ ಇದೆ. ಪಾಕ ಬಂದ ಮೇಲೆ ಅಚ್ಚಿಗೆ ಹುಯ್ಯುತ್ತಾರೆ. ಹಾಗೆ ಮಾಡಿದ ಬೆಲ್ಲದ ಬಣ್ಣ ಕಂದು, ಒಮ್ಮೊಮ್ಮೆ ಕಪ್ಪಿನ ಕಡೆಗೆ. ಈ ಬಣ್ಣ ಹೋಗಿಸಲು ಕೆಲವರು ಹೈಡ್ರೋಸ್ ಹಾಕುತ್ತಾರೆ. ಅದು ಗಂಧಕದ ರಾಸಾಯನಿಕ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 70 ಭಾಗ) ದಾಟಬಾರದು ಅಂತ ಆಹಾರ ಸುರಕ್ಷತೆಯ ನಿಯಮ ಇದೆ. ಕೊಪ್ಪರಿಗೆ ಮುಂದೆ ಹೊಗೆಯಲ್ಲಿ ನಿಂತವನ ಕೈಯಲ್ಲಿ ಅದನ್ನು ಅಳೆಯುವ ಯಂತ್ರ ಇರಲ್ಲ.

ನಾವು ಮಾಡಿದ್ದು ಇಷ್ಟು. ಒಂದೇ ಅಚ್ಚು ಬೆಲ್ಲದ ಕಥೆಯನ್ನು ಮೂರು ಬಾಯಲ್ಲಿ ಹೇಳಿಸಿದೆವು. ಕಾದಂಬರಿಕಾರರು ಮಾಡುತ್ತಾರಲ್ಲ, ಒಂದೇ ಘಟನೆ, ಹೇಳುವವರು ಬೇರೆ ಬೇರೆ. ಆಲೆಮನೆಯವರು ಹೇಳಿದರು: "ಬೆಳ್ಳಗಿಲ್ದೆ ಇದ್ರೆ ಮಂಡೀಲಿ ಯಾರೂ ಮುಟ್ಟಲ್ಲ ಸಾರ್. ನಾನೇನ್ ಆಸೆಗೆ ಹಾಕ್ತೀನಾ?" ಮಂಡಿಯವರ ಪಾತ್ರ ವಹಿಸಿದವರು ಹೇಳಿದರು: "ಅಂಗಡಿಯವನು ಬೆಳ್ಳಗಿರೋದೇ ಕೇಳ್ತಾನೆ, ನಾನು ಮಧ್ಯದವನು." ಕೊನೆಗೆ ಮನೆಗೆ ಬೆಲ್ಲ ಕೊಳ್ಳುವ ಅಕ್ಕ ಒಬ್ಬರು ಎದ್ದು, "ಕರಿ ಬೆಲ್ಲ ಕೊಳಕು ಅಂದುಕೊಂಡಿದ್ದೆ. ಹಬ್ಬಕ್ಕೆ ನೋಡೋಕೆ ಚಂದ ಇರಲಿ ಅಂತ ಹೊಳೆಯೋದೇ ಆರಿಸ್ತೀನಿ" ಅಂದರು.

ಸರಪಳಿಯ ತುದಿಯಲ್ಲಿದ್ದದ್ದು ಕಣ್ಣಿನ ರುಚಿ. ಬೆಲ್ಲ ಬೆಳ್ಳಗಿದ್ದರೆ ಚಂದ ಅಂತ ನಮಗೆ ಕಲಿಸಿದ್ದು ಯಾರು? ಬೆಳ್ಳಗಿರುವುದೆಲ್ಲ ಶುದ್ಧ ಅನ್ನುವ ಈ ಕಣ್ಣು ಬೆಲ್ಲಕ್ಕೆ ಮಾತ್ರ ನಿಂತಿದೆಯಾ? ಇನ್‌ಸ್ಪೆಕ್ಟರ್ ಕೇಳುವ ಪ್ರಶ್ನೆ ಅಲ್ಲ ಇದು. ಆಲೆಮನೆಯವನೊಬ್ಬನಿಗೇ ಬುದ್ಧಿ ಹೇಳಿ ಮುಗಿಯುವಂಥದ್ದೂ ಅಲ್ಲ. ನಮ್ಮ ಕೂಟಕ್ಕೆ ಬರುವ ಒಬ್ಬ ಅಂಗಡಿಯವರು ಈಗ ಎರಡೂ ಬಣ್ಣದ ಬೆಲ್ಲವನ್ನು ಪಕ್ಕಪಕ್ಕ ಇಟ್ಟು, ಕಂದು ಬೆಲ್ಲದ ಚೂರನ್ನು ಗಿರಾಕಿಗೆ ತಿನ್ನಲು ಕೊಡುತ್ತಾರೆ. ತಿಂದವರಲ್ಲಿ ಎಲ್ಲರೂ ಕೊಳ್ಳಲ್ಲ, ಅದೂ ನಿಜ.

'ಕಾಯಕವೇ ಕೈಲಾಸ' ಅಂತ ನಮ್ಮ ಆಫೀಸಿನ ಗೋಡೆ ಮೇಲೆ ಬರೆಸಿದ್ದೇವೆ. ಸಾಲದಾ?

ಬೋರ್ಡಿನ ಕೆಳಗೆ ಕೂತವರಿಗೆ ಓವರ್‌ಟೈಮ್ ಕೊಡುತ್ತೀರಾ ಅಂತ ನಾನು ಮೊದಲು ಕೇಳುತ್ತೇನೆ. ಈ ಮಾತನ್ನು ಹೆಚ್ಚಾಗಿ ಬರೆಸುವವರು ಮಾಲೀಕರು, ಓದಬೇಕಾದವರು ಕೆಲಸದವರು. ದುಡಿ, ದುಡಿ, ಕೇಳಬೇಡ ಅನ್ನೋ ಅರ್ಥ ಅದಕ್ಕೆ ಅಂಟಿಕೊಂಡುಬಿಟ್ಟಿದೆ.

12ನೆಯ ಶತಮಾನದ ಶರಣರಲ್ಲಿ ಕಾಯಕದ ಜೊತೆಗೆ ದಾಸೋಹ ಇತ್ತು. ದುಡಿದದ್ದು ಎಷ್ಟು ಬೇಕೋ ಅಷ್ಟು ಇಟ್ಟುಕೊಂಡು ಉಳಿದದ್ದು ಹಂಚುವ ಲೆಕ್ಕ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ಗೊತ್ತಲ್ಲ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅಲ್ಲಿ ಬೇಕೆಂದೇ ಅಕ್ಕಿ ಜಾಸ್ತಿ ಚೆಲ್ಲಿರುತ್ತದೆ. ಮಾರಯ್ಯ ಎಂದಿಗಿಂತ ಹೆಚ್ಚು ಆಯ್ದುಕೊಂಡು ಮನೆಗೆ ಬರುತ್ತಾನೆ. ಲಕ್ಕಮ್ಮ ನೋಡಿದ ಕೂಡಲೇ ಹಿಡಿಯುತ್ತಾಳೆ: "ಈಸಕ್ಕಿಯಾಸೆ ನಿಮಗೇಕೆ?" ಹೆಚ್ಚಿನ ಅಕ್ಕಿಯನ್ನು ವಾಪಸು ಸುರಿದು ಬಾ ಅನ್ನುತ್ತಾಳೆ.

ಇಲ್ಲಿ ಯಾರೂ ಕದ್ದಿಲ್ಲ. ಕೊಟ್ಟವರು ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಆದರೂ ಲಕ್ಕಮ್ಮನಿಗೆ ಅದು ಸರಿಬರಲಿಲ್ಲ. ದೀಪಾವಳಿಗೆ ಸಪ್ಲೈಯರ್ ಮನೆಗೆ ಕಳಿಸುವ ಡ್ರೈಫ್ರೂಟ್ಸ್ ಡಬ್ಬ, ಬೆಳ್ಳಿ ಲೋಟ, ಅದರ ಕೆಳಗಿನ ಕವರು, ಇವೂ ಪ್ರೀತಿಯಿಂದಲೇ ಬಂದವು ಅಲ್ವಾ? ಇಂಥ ಡಬ್ಬ ಬಂದಾಗ ಮನೆಯಲ್ಲಿ ಯಾರಾದರೂ "ಇಷ್ಟು ಯಾಕೆ?" ಅಂತ ಕೇಳುತ್ತಾರಾ ಅನ್ನೋದು ನಮ್ಮ ಕೂಟದಲ್ಲಿ ಬಿಸಿ ಚರ್ಚೆ. ಲಕ್ಕಮ್ಮ ಮನೆಯೊಳಗಿನ ಆಡಿಟರ್ ಅಂತ ಒಬ್ಬ ಸಿಎ ಹೇಳಿದರು. ನಗು ಬಂತು, ಆದರೆ ಕಂಪನಿಗಳು ಇಂಟರ್ನಲ್ ಆಡಿಟರ್ ಬೇಕು ಅನ್ನುವುದೂ ಇದಕ್ಕೇ: ಅದೇ ಅಕ್ಕಿ ಉಣ್ಣುವವರೊಳಗೇ ಒಬ್ಬರು ಬೇಡ ಅನ್ನಬೇಕು.

ಬೋರ್ಡ್ ತೆಗೆಯಿರಿ ಅಂತ ನಾನು ಹೇಳಲ್ಲ. ಪಕ್ಕದಲ್ಲಿ ಲಕ್ಕಮ್ಮನ ಪ್ರಶ್ನೆಯನ್ನೂ ಬರೆಸಿ, ಅದನ್ನು ಮಾಲೀಕರ ಕೋಣೆಯೊಳಗೆ ಹಾಕಿ.

ಪುಣ್ಯಕೋಟಿ ಕಥೆ ಹೇಳಿಕೊಟ್ಟರೆ ಸಿಬ್ಬಂದಿ ಪ್ರಾಮಾಣಿಕರಾಗುತ್ತಾರಾ?

ಆ ಹಾಡನ್ನು ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳದವರು ಕಮ್ಮಿ. ಆದರೆ ವ್ಯಾಪಾರದ ದೃಷ್ಟಿಯಿಂದ ಒಂದು ತೊಡಕಿದೆ. ಅಲ್ಲಿ ಹಸು ಬದುಕುವುದು ಹುಲಿಗೆ ಮನಸ್ಸಾಕ್ಷಿ ಇದ್ದದ್ದರಿಂದ. ಹುಲಿಗೆ ಅದು ಇಲ್ಲದಿದ್ದರೆ? ಕೊಟ್ಟ ಮಾತಿಗೆ ತಪ್ಪದ ನೌಕರನನ್ನು ತಿಂದು ಹಾಕುವ ವ್ಯವಸ್ಥೆ ಇಟ್ಟುಕೊಂಡು, ಅವನಿಗೆ ಈ ಹಾಡು ಹೇಳಿಕೊಡುವುದು ಅನ್ಯಾಯ.

ಸುಮ್ನೆ ನೆನಪಾಯಿತು: 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಅಧ್ಯಕ್ಷರು ಸುಳ್ಳು ಲೆಕ್ಕ ಒಪ್ಪಿಕೊಂಡು ಬರೆದ ಪತ್ರದಲ್ಲೂ ಹುಲಿ ಇತ್ತು. ಹುಲಿ ಮೇಲೆ ಸವಾರಿ ಮಾಡಿದಂತಾಯಿತು, ಅದರ ಬಾಯಿಗೆ ಬೀಳದೆ ಇಳಿಯುವುದು ಹೇಗೆ ಅಂತ ತಿಳಿಯಲಿಲ್ಲ ಅಂದಿದ್ದರು. ಆ ಹುಲಿಯನ್ನು ಸಾಕಿದ್ದು ಯಾರು ಅನ್ನೋದನ್ನು ಮಾತ್ರ ಆ ವಾಕ್ಯ ಹೇಳುವುದಿಲ್ಲ. ಎಂಥ ಒಳ್ಳೆ ಉಪಮೆ, ಎಂಥ ಒಳ್ಳೆ ಸಬೂಬು!

ಕಂಪನಿ ತಪ್ಪು ಮಾಡುತ್ತಿದೆ ಅಂತ ಗೊತ್ತು. ಅನ್ನ ಕೊಟ್ಟವರ ವಿರುದ್ಧ ಮಾತಾಡಲು ಮನಸ್ಸು ಬರಲ್ಲ. ಇದಕ್ಕೆ ಕಾವ್ಯದಲ್ಲಿ ಉತ್ತರ ಇದೆಯಾ?

ಉತ್ತರ ಇಲ್ಲ, ಜೊತೆ ಇದೆ. ಪಂಪನ ಕರ್ಣ, ಕುಮಾರವ್ಯಾಸನ ಕರ್ಣ ಇಬ್ಬರೂ ನಿಮ್ಮ ಜಾಗದಲ್ಲೇ ನಿಂತವರು. ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳುತ್ತಾನೆ, ಪಾಂಡವರ ಕಡೆ ಬಾ ಅನ್ನುತ್ತಾನೆ. ಕರ್ಣನಿಗೆ ದುರ್ಯೋಧನನ ಪಕ್ಷ ಸೋಲುವ ಪಕ್ಷ ಅಂತ ಗೊತ್ತು. ಆದರೂ ಎಲ್ಲರೂ ಹೀಗಳೆದಾಗ ಕೈಹಿಡಿದವನನ್ನು ಬಿಡಲಾರ. ನಮ್ಮ ಹಳೆಯ ಕಾವ್ಯಗಳಲ್ಲಿ ಉಂಡ ಜೋಳದ ಋಣ ತೀರಿಸುವುದು ದೊಡ್ಡ ಮೌಲ್ಯ. ಗಮಕಿಗಳು ಕುಮಾರವ್ಯಾಸನ ಈ ಭಾಗ ಹಾಡಿದರೆ ಸಭೆಯೆಲ್ಲ ಕರ್ಣನ ಪಕ್ಷಕ್ಕೆ ಹೋಗಿಬಿಡುತ್ತದೆ.

ಅಲ್ಲೇ ನಿಲ್ಲಿಸಿ ನಾವು ಇನ್ನೊಂದನ್ನು ಓದುತ್ತೇವೆ. ನಾರ್ವೆಯ ಇಬ್ಸೆನ್ 1882ರಲ್ಲಿ ಬರೆದ 'ಜನತೆಯ ಶತ್ರು' ಅನ್ನುವ ನಾಟಕ. ಒಂದು ಊರಿಗೆ ಅನ್ನ ಹಾಕುವುದೇ ಅಲ್ಲಿನ ಸ್ನಾನದ ನೀರು. ದೂರದಿಂದ ರೋಗಿಗಳು ಬರುತ್ತಾರೆ. ಆ ನೀರು ಕೊಳಕಾಗಿದೆ ಅಂತ ಊರಿನ ಡಾಕ್ಟರ್ ಕಂಡುಹಿಡಿಯುತ್ತಾನೆ. ಅವನ ಅಣ್ಣನೇ ಊರಿನ ಮೇಯರ್. ಡಾಕ್ಟರ್ ಸುಮ್ಮನಿರಲ್ಲ, ಊರು ಅವನನ್ನು ಶತ್ರು ಅನ್ನುತ್ತದೆ.

ಕರ್ಣ ಬಾಯಿ ಮುಚ್ಚಿ ಕಳೆದುಕೊಂಡ, ಡಾಕ್ಟರ್ ಬಾಯಿ ಬಿಟ್ಟು ಕಳೆದುಕೊಂಡ. ಹಾಗಾದರೆ ನಾನೇನು ಮಾಡಲಿ ಅಂತ ನೀವು ಕೇಳುತ್ತೀರಿ. ನನ್ನ ಅಭಿಪ್ರಾಯ ಹೇಳುತ್ತೇನೆ. ಕರ್ಣನ ಋಣ ಒಬ್ಬ ವ್ಯಕ್ತಿಗೆ. ನಿಮ್ಮ ಕಂಪನಿ ವ್ಯಕ್ತಿಯಲ್ಲ. ಸಂಬಳ ದಾನವಲ್ಲ, ದುಡಿಮೆಗೆ ಕೊಟ್ಟದ್ದು. ಋಣ ಅನ್ನುವ ಪದವನ್ನು ಮ್ಯಾನೇಜರ್ ನಿಮ್ಮ ಮುಂದೆ ಜಾಸ್ತಿ ಬಳಸಿದರೆ ಸ್ವಲ್ಪ ಹುಷಾರಾಗಿರಿ. ಡಾಕ್ಟರಿನಿಂದ ಕಲಿಯಬೇಕಾದ್ದು ಬೇರೆ: ಅವನ ಮಾತು ಸರಿ, ಸಿಟ್ಟು ಜಾಸ್ತಿ. ಒಬ್ಬರನ್ನೂ ಜೊತೆಗೆ ಕಟ್ಟಿಕೊಳ್ಳಲಿಲ್ಲ. ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ ಇಂಥ ದೂರು ಕೊಡಲು ಒಂದು ವ್ಯವಸ್ಥೆ ಇರಲೇಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳುತ್ತದೆ. ಮೊದಲು ಕಾಗದ ಪತ್ರ ಜೋಡಿಸಿಕೊಳ್ಳಿ, ಆಮೇಲೆ ಭಾಷಣ.

ಚಾಣಕ್ಯನ ಬಗ್ಗೆ ಹೇಳಲ್ವಾ? ಮ್ಯಾನೇಜ್‌ಮೆಂಟ್ ತರಬೇತಿಯಲ್ಲೆಲ್ಲ ಅವನೇ.

ಹೇಳಲೇಬೇಕು, ಅವನು ಲೋಕಕ್ಕೆ ಮತ್ತೆ ಸಿಕ್ಕಿದ್ದೇ ಮೈಸೂರಿನಲ್ಲಿ. ಇಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯಲ್ಲಿ ಅರ್ಥಶಾಸ್ತ್ರವನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. ಮೂಲವನ್ನು 1909ರಲ್ಲಿ ಅಚ್ಚು ಹಾಕಿಸಿದರು, ಇಂಗ್ಲಿಷ್ ಅನುವಾದ 1915ರಲ್ಲಿ ಬಂತು. ಆ ಲೈಬ್ರರಿಯೇ ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ.

ತರಬೇತಿಯವರು ಅವನನ್ನು ತಂತ್ರಗಾರನನ್ನಾಗಿ ಮಾತ್ರ ತೋರಿಸುತ್ತಾರೆ. ಪುಸ್ತಕ ಬಿಚ್ಚಿದರೆ ಅವನು ವ್ಯಾಪಾರಿಗಳಿಗೆ ಸಾಕಷ್ಟು ಕಹಿ. ನಾಡಿನ ಮಾಲಿಗೆ ಲಾಭ ನೂರಕ್ಕೆ 5, ಹೊರಗಿನ ಮಾಲಿಗೆ 10 ಅಂತ ಮಿತಿ ಹಾಕುತ್ತಾನೆ. ತೂಕದ ಬಟ್ಟುಗಳ ತಪಾಸಣೆಗೆ ಒಬ್ಬ ಅಧಿಕಾರಿ. ನೌಕರರು ಖಜಾನೆ ಹೊಡೆಯುವ 40 ಬಗೆಗಳನ್ನು ಪಟ್ಟಿ ಮಾಡುತ್ತಾನೆ. ನೀರಿನೊಳಗಿನ ಮೀನು ಯಾವಾಗ ನೀರು ಕುಡಿಯಿತು ಅಂತ ಹೇಳಲಾಗದು, ದುಡ್ಡಿನ ಮಧ್ಯೆ ಇರುವ ನೌಕರನೂ ಹಾಗೇ ಅನ್ನುತ್ತಾನೆ. ಎಚ್‌ಆರ್‌ನವರಿಗೆ ಈ ಮಾತು ತುಂಬಾ ಇಷ್ಟ. ನಾನು ಅವರಿಗೆ ಹೇಳುವುದು, ಇದರ ಜೊತೆ ಲಕ್ಕಮ್ಮನನ್ನೂ ಓದಿ ಅಂತ. ಒಬ್ಬರು ಯಾರನ್ನೂ ನಂಬದೆ ಕಾವಲು ಇಡುತ್ತಾರೆ, ಇನ್ನೊಬ್ಬರಿಗೆ ಕಾವಲೇ ಬೇಕಾಗಿಲ್ಲ. ಅಂಗಡಿ ನಡೆಸುವವರಿಗೆ ಎರಡೂ ಬೇಕು.

ದೂರು ಕೊಟ್ಟ ಗಿರಾಕಿಯನ್ನು ಅಲೆಸುವುದೂ ನೀತಿಯ ವಿಷಯವಾ? ಅದು ಬರೀ ಪ್ರೊಸೀಜರ್ ಅಲ್ವಾ?

ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ' ಓದಿ. ನಿವೃತ್ತನಾದ ತಬರ ಪಿಂಚಣಿಗೆ ಅಲೆಯುತ್ತಾನೆ. ಹೆಂಡತಿಯ ಕಾಲು ಕೊಳೆಯುತ್ತಿದೆ, ಚಿಕಿತ್ಸೆಗೆ ದುಡ್ಡು ಬೇಕು. ಫೈಲು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಅಲ್ಲಿ ಕುಳಿತ ಯಾರನ್ನೂ ರಾಕ್ಷಸ ಅನ್ನಲಾಗದು. ಒಬ್ಬೊಬ್ಬರೂ ನಿಯಮ ಹೇಳುತ್ತಾರೆ. ಎಲ್ಲರ ನಿಯಮ ಸೇರಿ ಒಬ್ಬ ಹೆಂಗಸು ಸಾಯುತ್ತಾಳೆ.

ಸರ್ಕಾರಿ ಕಚೇರಿಯನ್ನು ಬಯ್ಯಲು ಈ ಕಥೆಯನ್ನು ಬಳಸುವುದು ಸುಲಭ. ನಮ್ಮಲ್ಲಿ ಒಂದು ಖಾಸಗಿ ಇನ್ಶೂರೆನ್ಸ್‌ನಲ್ಲಿ ಕೆಲಸ ಮಾಡಿದವರು ಇದನ್ನು ಓದಿ, ತಮ್ಮ ಕಾಲ್‌ಸೆಂಟರಿನ ಟಿಕೆಟ್ ನಂಬರುಗಳನ್ನು ನೆನೆದರು. ಪ್ರತಿ ಸಲ ಹೊಸ ಹುಡುಗಿ ಫೋನ್ ಎತ್ತುತ್ತಾಳೆ, ಪ್ರತಿ ಸಲ ಮೊದಲಿನಿಂದ ಹೇಳಬೇಕು. ತಬರನ ಕೈಗೆ ಆ ಫೋನ್ ಕೊಟ್ಟು ನೋಡಿ. ನಿಮ್ಮ ಕಂಪನಿಯ ಕ್ಲೇಮ್ ಫಾರಂ ಅನ್ನು ಅವನ ಕೈಗೆ ಕೊಟ್ಟು, ಎಲ್ಲಿ ನಿಲ್ಲುತ್ತಾನೆ ಅಂತ ಗೆರೆ ಎಳೆಯಿರಿ. ಅವರು ಹಾಗೇ ಮಾಡಿದರು. ಎರಡನೇ ಪುಟದಲ್ಲೇ ನಿಂತ.

ನಾಟಕ ಆಡಿಸುತ್ತೀರಂತೆ, ನಮಗೆ ನಟನೆ ಬರಲ್ಲ.

ಬರಬೇಕಾಗಿಲ್ಲ. ರಂಗಾಯಣ 1989ರಿಂದ ಇಲ್ಲೇ ಇದೆ, ಈ ಊರಿನಲ್ಲಿ ನಾಟಕ ನೋಡುವ ರೂಢಿಗೆ ಬರವಿಲ್ಲ. ಬ್ರೆಜಿಲಿನ ರಂಗಕರ್ಮಿ ಅಗಸ್ಟೋ ಬೋಲ್ ಒಂದು ವಿಧಾನ ಹೇಳಿಕೊಟ್ಟರು: ಒಂದು ಅನ್ಯಾಯದ ದೃಶ್ಯ ಆಡಿಸು, ಪ್ರೇಕ್ಷಕರಲ್ಲಿ ಯಾರಾದರೂ "ನಿಲ್ಲಿ" ಅಂದು ಎದ್ದು ಬಂದು, ಪಾತ್ರದ ಜಾಗದಲ್ಲಿ ನಿಂತು ಬೇರೆ ಥರ ನಡೆಸಿ ತೋರಿಸಲಿ. ನಾವು ಅದನ್ನೇ ಮಾಡುತ್ತೇವೆ.

ದಸರಾ ಮುಂಚೆ ಆಡಿದ ಒಂದು ದೃಶ್ಯ ಹೇಳುತ್ತೇನೆ. ಹೊರಗಿನಿಂದ ಬಂದ ಪ್ರವಾಸಿ ಹೆಂಗಸು. ಆಟೋದವನು ಕಮಿಷನ್ನಿಗೆ ಅಂಗಡಿಗೆ ತಂದು ಬಿಡುತ್ತಾನೆ. ಸೇಲ್ಸ್ ಹುಡುಗ ಸೀರೆ ಬಿಚ್ಚಿ ಹಾಸುತ್ತಾನೆ.

"ಇದು ಮೈಸೂರ್ ಸಿಲ್ಕಾ?"

"ಮೈಸೂರಲ್ಲೇ ಸಿಗೋದು ಮೇಡಂ."

"ಪ್ಯೂರಾ?"

"ಅದರ ಥರಾನೇ ಬರುತ್ತೆ ಮೇಡಂ, ಒಗೆದರೂ ಏನಾಗಲ್ಲ."

ಎರಡೂ ಉತ್ತರ ಸುಳ್ಳಲ್ಲ. ಅದೇ ಅದರ ಕಲೆ. ಅಷ್ಟರಲ್ಲಿ ನಮ್ಮಲ್ಲಿ ರೇಷ್ಮೆ ವ್ಯಾಪಾರದ ಹಿರಿಯರೊಬ್ಬರು "ನಿಲ್ಲಿ" ಅಂದು ಎದ್ದರು. ಎರಡು ಸೀರೆಯ ಅಂಚಿನಿಂದ ಒಂದೊಂದು ಎಳೆ ಕಿತ್ತು ಕಡ್ಡಿ ಗೀರಿದರು. ಒಂದು ಎಳೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿಯಾಯಿತು. ಇನ್ನೊಂದು ಕರಗಿ ಗಟ್ಟಿ ಗುಂಡಾಯಿತು. "ಇದು ರೇಷ್ಮೆ, ಇದು ಅಲ್ಲ. ಎರಡೂ ಮಾರ್ತೀನಿ. ಯಾವುದು ಬೇಕಮ್ಮ?" ಅಂದರು. ಪ್ರವಾಸಿ ಪಾತ್ರದ ಹೆಂಗಸು ಆಟ ಮರೆತು ನಿಜವಾಗಿ ಬೆಲೆ ಕೇಳಿದರು.

1912ರಲ್ಲಿ ಸರ್ಕಾರಿ ರೇಷ್ಮೆ ಕಾರ್ಖಾನೆ ಶುರುವಾದ ಊರಿದು. ಮೈಸೂರು ಸಿಲ್ಕಿಗೆ ಜಿಐ ಗುರುತು (ಮಾಲು ಇಂಥ ಊರಿನದೇ ಅನ್ನುವ ಗುರುತು) ಇದೆ, ಸರ್ಕಾರಿ ರೇಷ್ಮೆ ನಿಗಮವಾದ ಕೆಎಸ್‌ಐಸಿ ತನ್ನ ಸೀರೆಗೆ ಗುರುತಿನ ಸಂಖ್ಯೆಯನ್ನೂ ಹಾಕುತ್ತದೆ. ಇಷ್ಟಿದ್ದೂ ಸುಳ್ಳು ಎಲ್ಲಿಂದ ಬರುತ್ತೆ ಅಂತ ಹುಡುಕಿದರೆ, ಸೇಲ್ಸ್ ಹುಡುಗನ ಬಾಯಿಂದಲ್ಲ. ಆಟೋ ಕಮಿಷನ್ ಬೆಲೆಯೊಳಗೆ ಸೇರಿರುತ್ತದೆ. ಆ ಬೆಲೆಗೆ ಆ ಸೀರೆಯನ್ನು ನಿಜ ಹೇಳಿ ಮಾರಲಾಗದು. ಕಮಿಷನ್ ಗೊತ್ತು ಮಾಡಿದ ದಿನವೇ ಸುಳ್ಳೂ ನಿಗದಿಯಾಗಿ ಹೋಗಿದೆ. ಆ ದಿನ ಹುಡುಗನ ಪಾತ್ರ ಮಾಡಿದವರು ನಿಜದಲ್ಲಿ ಅಂಗಡಿ ಮಾಲೀಕರು. "ನಾನು ಅವನ ಜಾಗದಲ್ಲಿ ನಿಂತು ಬೆವೆತೆ" ಅಂದರು. ಕಮಿಷನ್ ನಿಲ್ಲಿಸಿದರಾ ಅಂತ ನಾವು ಕೇಳಿಲ್ಲ, ಅದು ಅವರಿಗೆ ಬಿಟ್ಟದ್ದು.

ಚಿತ್ರಕಲೆಯಿಂದ ವ್ಯಾಪಾರದವರು ಏನು ಕಲಿಯಬಹುದು?

ಜಗನ್ಮೋಹನ ಅರಮನೆಗೆ ಹೋಗಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿ. ಪಕ್ಕದಲ್ಲಿ ನಿಂತವರ ಮಾತಿಗೂ ಕಿವಿ ಕೊಡಿ. "ರವಿವರ್ಮನ ಚಿತ್ರ" ಅನ್ನುವವರು ಇದ್ದೇ ಇರುತ್ತಾರೆ. ಬರೆದವರು ಎಸ್.ಎಲ್. ಹಳದಂಕರ್. ಹೆಸರಾದವರ ಖಾತೆಗೆ ಇನ್ನೊಬ್ಬರ ಕೆಲಸ ತಾನಾಗಿ ಹೋಗಿ ಬೀಳುವುದು ಹೀಗೆ. ನಿಮ್ಮ ಟೀಮಿನಲ್ಲಿ ಪಿಪಿಟಿ ಮಾಡಿದವರು ಯಾರು, ಮೀಟಿಂಗಿನಲ್ಲಿ ಅದನ್ನು ತೋರಿಸಿದವರು ಯಾರು?

ಸಿಎಸ್‌ಆರ್ ದುಡ್ಡಿನಲ್ಲಿ ಕಲೆಗೆ ಸಹಾಯ ಮಾಡಿದರೆ ಇದೆಲ್ಲ ಆದಂತೆ ಅಲ್ವಾ?

ಇಲ್ಲ. ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದ 2% ಸಮಾಜದ ಕೆಲಸಕ್ಕೆ ಕೊಡಬೇಕು, ಕಲೆ ಸಂಸ್ಕೃತಿಯೂ ಆ ಪಟ್ಟಿಯಲ್ಲಿದೆ. ಕೊಡಲಿ, ಕಲಾವಿದರಿಗೆ ದುಡ್ಡು ಬೇಕು. ಉಳಿದ 98ನ್ನು ಹೇಗೆ ಗಳಿಸಿದಿರಿ ಅನ್ನೋದು ನಮ್ಮ ವಿಷಯ.

ನಮ್ಮ ಕೆಲಸದವರಿಗೆ ಓದು ಅಷ್ಟಾಗಿ ಬರಲ್ಲ.

ಹಾಡಿಸಿ. ನಮ್ಮ ಕಡೆ ನೀಲಗಾರರು ಮಂಟೇಸ್ವಾಮಿ ಕಾವ್ಯ ಹಾಡುತ್ತಾರಲ್ಲ. ಅದರಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಹೋಗುವ ಭಾಗ ಇದೆ. ಅಲ್ಲಿನ ಕಬ್ಬಿಣ ಕೆಲಸದ ಪಾಂಚಾಳರು ಕೊಡಲೊಪ್ಪುವುದಿಲ್ಲ, ಅವನನ್ನು ನಾನಾ ಪರೀಕ್ಷೆಗೆ ಒಡ್ಡುತ್ತಾರೆ. ಹಾಡಿನಲ್ಲಿ ನ್ಯಾಯ ಸಿದ್ದಪ್ಪಾಜಿ ಕಡೆ. ಆದರೆ ಇದನ್ನು ಕೇಳಿದ ಒಬ್ಬ ಹಾರ್ಡ್‌ವೇರ್ ಅಂಗಡಿಯವರು, "ವರ್ಷಪೂರ್ತಿ ಚಂದಾ ಕೇಳೋಕೆ ಬರ್ತಾರೆ, ಇಲ್ಲ ಅಂದವನೇ ಕೆಟ್ಟವನಾ?" ಅಂದರು. ಬರುವವರೆಲ್ಲ ಸಿದ್ದಪ್ಪಾಜಿಗಳಲ್ಲ ಅನ್ನೋದು ಸರಿ. ಕೊಡುವ ಶಕ್ತಿ ಇದ್ದೂ ಇಲ್ಲ ಅನ್ನುವುದು, ಹೆದರಿಕೆಗೆ ಕೊಡುವುದು, ಮನಸ್ಸಿನಿಂದ ಕೊಡುವುದು ಬೇರೆ ಬೇರೆ ಅಂತ ಅವತ್ತು ವಿಂಗಡಿಸಿದ್ದು ಕಬ್ಬಿಣ ಹೊರುವ ಹಮಾಲಿಗಳು. ಅವರಲ್ಲಿ ಒಬ್ಬರೂ ಕಾಲೇಜು ಮೆಟ್ಟಿಲು ಹತ್ತಿದವರಲ್ಲ.

ಇಂಥ ಕಥೆ ಓದಿದರೆ ಕಳ್ಳರ ಮೇಲೆ ಕನಿಕರ ಹುಟ್ಟಿ ಶಿಸ್ತು ಹಾಳಾಗಲ್ವಾ?

ದೇವನೂರ ಮಹಾದೇವ ಅವರ 'ಒಡಲಾಳ'ದಲ್ಲಿ ಒಂದು ಮನೆಯವರೆಲ್ಲ ಸೇರಿ, ಸಾವ್ಕಾರರ ಮನೆಯಿಂದ ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ತಿಂದು ಮುಗಿಸುತ್ತಾರೆ. ಆಮೇಲೆ ಪೊಲೀಸರು ಬರುತ್ತಾರೆ. ಗೋಡೌನ್ ಇಟ್ಟವರಿಗೆ ಇದು ಸ್ಟಾಕ್ ನಷ್ಟ. ಕಥೆಯೊಳಗಿದ್ದವರಿಗೆ ಅದು ಹೊಟ್ಟೆ ತುಂಬಿದ ಒಂದು ರಾತ್ರಿ, ಮನೆಯವರೆಲ್ಲ ನಕ್ಕ ರಾತ್ರಿ. ಓದಿದ ಮೇಲೂ ನೀವು ಗೋಡೌನಿಗೆ ಬೀಗ ಹಾಕುತ್ತೀರಿ, ಹಾಕಬೇಕು. ಆದರೆ ಕೂಲಿ ಎಷ್ಟು ಕೊಡುತ್ತಿದ್ದೇನೆ ಅನ್ನುವ ಲೆಕ್ಕವೂ ಬೀಗದ ಜೊತೆ ನೆನಪಾಗುತ್ತದೆ. ಅದರಿಂದ ಶಿಸ್ತು ಹಾಳಾಗುವುದಾದರೆ ಆ ಶಿಸ್ತು ಅಷ್ಟು ಗಟ್ಟಿಯಾಗಿರಲಿಲ್ಲ.

ಓದಿದವರೆಲ್ಲ ಒಳ್ಳೆಯವರಾಗಿಬಿಡುತ್ತಾರಾ?

ಖಂಡಿತ ಇಲ್ಲ. ವಚನ ಬಾಯಿಪಾಠ ಮಾಡಿ ಕೂಲಿ ಮುರಿಯುವವರು ಬೇಕಾದಷ್ಟು ಜನ. ಚೆನ್ನಾಗಿ ಓದಿದವರ ಸಬೂಬು ಇನ್ನೂ ಚಂದ ಇರುತ್ತದೆ, ಅದೂ ಒಂದು ಅಪಾಯ. ಅದಕ್ಕೇ ನಾವು ಒಬ್ಬೊಬ್ಬರೇ ಓದಿ ಎನ್ನುವುದಿಲ್ಲ. ನಿಮ್ಮ ಸಬೂಬನ್ನು ಪಕ್ಕದಲ್ಲಿ ಕೂತವರು ಬೇಗ ಹಿಡಿಯುತ್ತಾರೆ.

ನಮ್ಮ ಅಂಗಡಿಯಲ್ಲೇ ಇದನ್ನು ಶುರು ಮಾಡಬಹುದಾ?

ಧಾರಾಳವಾಗಿ. ಅರ್ಧ ಗಂಟೆಯಲ್ಲಿ ಓದಿ ಮುಗಿಯುವ ಕಥೆ ಆರಿಸಿ, ಒಬ್ಬರು ಗಟ್ಟಿಯಾಗಿ ಓದಲಿ. ಕಥೆಯ ನೀತಿ ಏನು ಅಂತ ಮಾತ್ರ ಕೇಳಬೇಡಿ, ಎಲ್ಲರೂ ಸ್ಕೂಲಿನ ಉತ್ತರ ಕೊಡುತ್ತಾರೆ. "ಇಲ್ಲಿ ಯಾರ ಮಾತು ಕೇಳಿಸಲಿಲ್ಲ?" ಅಂತ ಕೇಳಿ. ಯಜಮಾನರು ಎಲ್ಲರಿಗಿಂತ ಕೊನೆಗೆ ಮಾತಾಡಲಿ, ಮೊದಲು ಮಾತಾಡಿದರೆ ಮಿಕ್ಕವರೆಲ್ಲ ಹೌದು ಸಾರ್ ಅಂದು ಎದ್ದು ಹೋಗುತ್ತಾರೆ. ಅಲ್ಲಿ ಆಡಿದ ಮಾತಿಗೆ ಯಾರ ಮೇಲೂ ಮಾರನೇ ದಿನ ಸಿಟ್ಟು ತೋರಿಸಬಾರದು. ಮತ್ತೆ, ಓದಿಗೆ ಕೂತ ಹೊತ್ತನ್ನು ಡ್ಯೂಟಿ ಅಂತಲೇ ಹಿಡಿಯಿರಿ, ಸಂಬಳ ಮುರಿಯಬೇಡಿ.